ಮರಾಠಿ ಗುಂಡಿ ಒತ್ತಿದರೆ ಕನ್ನಡ

ಜನ ಮದುವೆಯ ವಿಡಿಯೋವನ್ನು ಪೆನ್ ಡ್ರೈವಿನಲ್ಲಿ ಕೇಳತೊಡಗಿ ವರ್ಷಗಳಾದರೂ ಮಿರಜದ ಸಂಮೇದ ಡಿಸ್ಕ್ ಬಿಟ್ಟಿರಲಿಲ್ಲ. ಡಿಸ್ಕಿಗೆ ಡಬ್ಬಿ ಇರುತ್ತದೆ, ಡಬ್ಬಿಗೆ ಮುಖಪುಟ, ಮುಖಪುಟದಲ್ಲಿ ವಧೂವರರಿಗಿಂತ ತುಸುವೇ ಚಿಕ್ಕದಾಗಿ ಅವನದೇ ಫೋಟೊ. ವಿಡಿಯೋದವನು ಎಂದು ಯಾರಾದರೂ ಕರೆದರೆ, ನಿರ್ದೇಶಕ ಎಂದು ತಿದ್ದುತ್ತಿದ್ದ.

ಇವನಿಗೆ ತಕ್ಕ ಗಿರಾಕಿ ಮಾಲಗಾಂವದ ವಿಜಯಕುಮಾರ. ದೊಡ್ಡ ದ್ರಾಕ್ಷಿ ತೋಟದವನು. ಊರಿಗೆ ದ್ರಾಕ್ಷಿ ತಂದವನೇ ತಾನೆಂದು ಸಿಕ್ಕ ವೇದಿಕೆಯಲ್ಲೆಲ್ಲ ಹೇಳಿಕೊಳ್ಳುವವನು. ತಾಯಿ ಚಂದ್ರಾಬಾಯಿಗೆ ಎಂಬತ್ತು ತುಂಬಿತೆಂದು ಚಿತ್ರ ಮಾಡಿಸಿ, ಸಾಂಗ್ಲಿಯ ಸಭಾಗೃಹವೊಂದರಲ್ಲಿ ತೋರಿಸಿ, ಬಂದವರಿಗೆಲ್ಲ ಡಿಸ್ಕ್ ಹಂಚುವುದೆಂದು ನಿಶ್ಚಯಿಸಿದ. ಚಿತ್ರ ತಾಯಿಯದು, ಅದರಲ್ಲಿ ಹೆಚ್ಚು ಹೊತ್ತು ಕಾಣುತ್ತಿದ್ದವನು ಮಗ.

ತೊಡಕೆಂದರೆ, ಮುದುಕಿ ಕ್ಯಾಮರಾ ಮುಂದೆ ಕೂತು ಮನಸ್ಸಿನಲ್ಲಿದ್ದುದನ್ನೆಲ್ಲ ಕನ್ನಡದಲ್ಲಿ ಆಡಿಬಿಟ್ಟಿದ್ದಳು. ಗಡಿಯಾಚೆಯ ಆ ಊರಲ್ಲಿ ಈಗ ಮರಾಠಿಯದೇ ನಡೆ, ಕನ್ನಡ ಹಿರಿಯರ ಬಾಯಲ್ಲಷ್ಟೇ ಉಳಿದಿತ್ತು. ವಿಜಯಕುಮಾರ ಅದನ್ನು ಕೇಳಿ ಕೆಮ್ಮಿದ.

“ಅವ್ವಂದು ಹಳೀ ಮಾತು. ಮ್ಯಾಲೆ ಮರಾಠಿ ದನಿ ಹಾಕು, ಇಂಗ್ಲಿಷೂ ಇರ್ಲಿ. ಏನ ಅನ್ನಬೇಕು ಅನ್ನೂದು ನಾ ಬರ್ದು ಕೊಡತೇನಿ,” ಎಂದ.

ಆಜಿಯ ದನಿಯೇ ಇಲ್ಲದ ಚಿತ್ರ ಎಂಥದ್ದು ಎಂದು ವಿಜಯಕುಮಾರನ ಮಗಳು ಅನುಜಾ ಹಟ ಹಿಡಿದದ್ದರಿಂದ ಕನ್ನಡವೂ ಉಳಿಯಿತು, ಎರಡನೆಯ ಸ್ಥಾನದಲ್ಲಿ, ಯಾರೂ ಒತ್ತಲಾರರೆಂಬ ಧೈರ್ಯದ ಮೇಲೆ. ಹೀಗೆ ಒಂದೇ ಚಿತ್ರಕ್ಕೆ ಮೂರು ದನಿ. ಪರದೆಯ ಕೆಳಗೆ ಓಡುವ ಅಕ್ಷರಗಳು ಮರಾಠಿಯಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ.

ಸಂಮೇದ ತನ್ನ ಸಾಫ್ಟ್‌ವೇರಿನಲ್ಲಿ ದನಿಗಳನ್ನು ಸಾಲಾಗಿ ಜೋಡಿಸಿದ. ಆ ಸಾಫ್ಟ್‌ವೇರ್ ಎಣಿಸುವುದು ಸೊನ್ನೆಯಿಂದ. ಸಂಮೇದ ಎಲ್ಲ ಮನುಷ್ಯರಂತೆ ಒಂದರಿಂದ ಎಣಿಸಿ, ಮೆನುವಿನ ಮರಾಠಿ ಗುಂಡಿಗೆ ಒಂದನೆಯ ನಂಬರು ಕೊಟ್ಟ. ಮರಾಠಿ ಇದ್ದದ್ದು ಸೊನ್ನೆಯಲ್ಲಿ, ಒಂದರಲ್ಲಿದ್ದದ್ದು ಕನ್ನಡ. ಡಿಸ್ಕನ್ನು ಒಮ್ಮೆ ಟಿವಿಗೆ ಹಾಕಿ ನೋಡುವುದು ಸಾಮಾನ್ಯರ ಕೆಲಸವೆಂದು ಬಿಟ್ಟು, ಮುಖಪುಟಕ್ಕೆ ತನ್ನ ಫೋಟೊ ಆರಿಸುವುದರಲ್ಲಿ ಮಗ್ನನಾದ.

ಸಮಾರಂಭದ ದಿನ ಬಂದವರಿಗೆಲ್ಲ ಬಾಗಿಲಲ್ಲೇ ಡಬ್ಬಿ ಕೊಟ್ಟಾಯಿತು. ಸಂಮೇದ ಮರಾಠಿ ಗುಂಡಿ ಒತ್ತಿದ. ಪರದೆಯ ಮೇಲೆ ಚಂದ್ರಾಬಾಯಿ. ನನ್ನ ಮಗನ ದೂರದೃಷ್ಟಿಯಿಂದ ಈ ಊರಿಗೆ ದ್ರಾಕ್ಷಿ ಬಂತು ಎಂದು ಕೆಳಗೆ ಮರಾಠಿ ಅಕ್ಷರಗಳು ಮೂಡಿದವು. ಅದೇ ಹೊತ್ತಿಗೆ ಸ್ಪೀಕರಿನಿಂದ ಮುದುಕಿಯ ದನಿ:

“ಬಳ್ಳಿ ಹಚ್ಚಿದಾಕಿ ನಾ. ಇಂವಾ ಕಿತ್ತ ಒಗೀರಿ ಅಂತಿದ್ದ. ಹಣ್ಣ ಬಂದ ಮ್ಯಾಲೆ ಫೋಟೋಕ್ಕ ಬಂದ.”

ಹಿರಿಯ ಹೆಂಗಸರ ಸಾಲಿನಲ್ಲಿ ನಗೆ ಎದ್ದಿತು. ಕನ್ನಡ ಬಾರದ ಎಳೆಯರು ಅಕ್ಷರ ಓದಿ, ಇದರಲ್ಲಿ ನಗುವುದೇನೆಂದು ಪಕ್ಕದವರನ್ನು ಕೇಳಿದರು. ಪಕ್ಕದವರು ಸಂತೋಷದಿಂದ ತಿಳಿಸಿದರು. ಅನುಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ವಿಜಯಕುಮಾರ ಮುಂದಿನ ಸಾಲಿನಿಂದ ಕೈಸನ್ನೆ ಮಾಡಿದ. ಗಾಬರಿಯಾದ ನಿರ್ದೇಶಕ ರಿಮೋಟಿನಲ್ಲಿ ಒಂದು ಒತ್ತಿದರೆ ಅಕ್ಷರ ಇಂಗ್ಲಿಷಾಯಿತು, ಇನ್ನೊಂದು ಒತ್ತಿದರೆ ಟ್ಯೂಶನ್ ಮಾಸ್ತರನೊಬ್ಬನ ಗಡಸು ಇಂಗ್ಲಿಷು ಮುದುಕಿಯ ಬಾಯಿಂದ ಹೊರಟಿತು.

ಹಾರ ಹಾಕಿಸಿಕೊಂಡು ಕೂತಿದ್ದ ಚಂದ್ರಾಬಾಯಿ ತಿರುಗಿ ನೋಡಿದಳು.

“ಸಂಮೇದಾ, ಈ ಗಂಡಸ ಯಾಂವ? ನನ್ನ ದನಿ ಹಚ್ಚು.”

ಸನ್ಮಾನ ಅವಳದು, ಸಭೆಯೆದುರು ಬೇಡವೆನ್ನುವ ಎದೆ ಯಾರಿಗೂ ಇರಲಿಲ್ಲ. ಉಳಿದ ಚಿತ್ರವೆಲ್ಲ ಮರಳಿ ಅವಳ ದನಿಯಲ್ಲೇ ಓಡಿತು: ಕೆಳಗೆ ಮಗನ ಸ್ತುತಿ, ಮೇಲೆ ತಾಯಿಯ ಸತ್ಯ. ಕೊನೆಗೆ ವಿಜಯಕುಮಾರನೂ ಎಲ್ಲರ ಜೊತೆ ಚಪ್ಪಾಳೆ ತಟ್ಟಬೇಕಾಯಿತು.

ಮರುವಾರ ಅವನು ಮರಾಠಿಯೊಂದೇ ಇರುವ ಹೊಸ ಡಿಸ್ಕ್ ಮಾಡಿಸಿ ಮನೆಮನೆಗೆ ಕಳಿಸಿ, ಹಳೆಯದನ್ನು ಮರಳಿಸಲು ಕೇಳಿದ. ಹೊಸದನ್ನು ಎಲ್ಲರೂ ಇಸಿದುಕೊಂಡರು. ಹಳೆಯದು ಎಲ್ಲೋ ಕಳೆದಿದೆ ಎಂದರು. ಕನ್ನಡ ಮರೆತಿದ್ದ ಸೊಸೆಯಂದಿರೂ ಅದನ್ನು ಹಚ್ಚಿ, ಅತ್ತೆಯಂದಿರಿಂದ ಅರ್ಥ ಕೇಳಿಕೊಳ್ಳತೊಡಗಿದರು.

ಸಂಮೇದ ಈಗ ಎಡವಟ್ಟಿನ ಮಾತೆತ್ತಿದವರಿಗೆ ಕಣ್ಣು ಮಿಟುಕಿಸುತ್ತಾನೆ. “ಅದು ಮುದ್ದಾಂ, ಬೇಕಂತನ ಮಾಡಿದ್ದು,” ಎನ್ನುತ್ತಾನೆ.