ಹಿಸಾಕ್ಕನ ಪೀಪಾಯಿಯ ಉಪ್ಪು

ನಾನು ಸನ್ನೈ ಊರಿಗೆ ಮದುವಣಗಿತ್ತಿಯಾಗಿ ಬಂದ ದಿನ ಹಿಸಾಕ್ಕ ಏಣಿಯ ಮೇಲಿದ್ದಳು. ಹಿಮ ಬೀಳುವುದರೊಳಗೆ ಮೂಲಂಗಿಯೆಲ್ಲ ಹೊಗೆಗೆ ಏರಬೇಕು, ಹಾಗಾಗಿ ಮದುವೆಯೆಂದು ಯಾರೂ ಕೆಲಸ ನಿಲ್ಲಿಸಿರಲಿಲ್ಲ. ಪಕ್ಕದ ಮನೆಯ ಹೊಗೆಗುಡಿಸಲಿನಿಂದ ಮಸಿ ಮೆತ್ತಿದ ಮುಖವೊಂದು ಇಣುಕಿತು.

"ಹೊಸ ಸೊಸೇನಾ? ಒಳ್ಳೇ ಹೊತ್ತಿಗೆ ಬಂದೆ. ಬಾ, ಈ ಹಗ್ಗದ ತುದಿ ಹಿಡ್ಕೊ."

"ಅಕ್ಕ, ಮದುವೆ ಕಿಮೋನೊ ಇದು..."

"ಹೊಗೆ ಹತ್ತಿದ್ರೆ ಹುಳ ತಿನ್ನಲ್ಲ. ಹಿಡ್ಕೊಳ್ಳೇ!"

ಹಿಡಿದುಕೊಂಡೆ. ಏಣಿಯ ಮೆಟ್ಟಿಲುಗಳ ಹಾಗೆ ಸಾಲಾಗಿ ಕಟ್ಟಿದ ಮೂಲಂಗಿಯ ಸರ ಮೇಲೇರಿತು. ಕೆಳಗೆ ಚೆರ್ರಿ ಕಟ್ಟಿಗೆ ಒಡೆಯುತ್ತಿದ್ದ ಅವಳ ಗಂಡ ಜಿನ್ಸಾಕು ನಕ್ಕರು. "ಇವಳ ಕೈಗೆ ಸಿಕ್ಕವರು ಬಿಡಿಸ್ಕೊಳ್ಳೋದು ಕಷ್ಟ ಕಣಮ್ಮ. ನಾನೂ ಹೀಗೇ ಹಗ್ಗ ಹಿಡಿಯೋಕೆ ಅಂತ ಬಂದವನು."

ಆ ಕಿಮೋನೊ ಇಟ್ಟ ಪೆಟ್ಟಿಗೆಯನ್ನು ತೆರೆದರೆ ಇವತ್ತಿಗೂ ಮೊದಲು ಹೊಗೆಯ ವಾಸನೆಯೇ ಬರುವುದು.

ಬೇರೆ ಕಡೆ ಮೂಲಂಗಿಯನ್ನು ಬಿಸಿಲಿಗೆ ಒಣಗಿಸಿ ಉಪ್ಪಿನಲ್ಲಿ ಹಾಕುತ್ತಾರಂತೆ. ನಮ್ಮಲ್ಲಿ ಆ ಹೊತ್ತಿಗೆ ಬಿಸಿಲೆಲ್ಲಿ? ಬೆಂಕಿಯ ಮೇಲೆ ತೂಗುಹಾಕಬೇಕು. ಉರಿ ಏಳಬಾರದು, ಹೊಗೆ ಆರಬಾರದು. ಬೆಳಿಗ್ಗೆ ಎದ್ದು ಕೆಳಗಿನ ಸರ ಮೇಲಕ್ಕೆ, ಮೇಲಿನದು ಕೆಳಕ್ಕೆ. ಸುಕ್ಕುಗಟ್ಟಿ ಕಂದುಬಣ್ಣಕ್ಕೆ ತಿರುಗಿದ ಮೇಲೆ ತೊಳೆದು, ಅಕ್ಕಿ ತೌಡು, ಉಪ್ಪು, ಒಂದಿಷ್ಟು ಸಕ್ಕರೆ ಬೆರೆಸಿ ಮರದ ಪೀಪಾಯಿಗೆ ತುಂಬಿ, ಮೇಲೆ ಕಲ್ಲು ಹೇರುವುದು. ಇದೇ ನಮ್ಮ ಗಕ್ಕೊ. ಎಲ್ಲ ಮನೆಯಲ್ಲೂ ಮಾಡುವುದು ಇಷ್ಟೇ, ಆದರೂ ಒಂದು ಮನೆಯ ರುಚಿ ಇನ್ನೊಂದಕ್ಕಿಲ್ಲ. ಚಳಿಗಾಲದಲ್ಲಿ ಹೆಂಗಸರು ಅವರವರ ಗಕ್ಕೊ ಹಿಡಿದು ಒಬ್ಬರ ಮನೆಯಲ್ಲಿ ಚಹಾಕ್ಕೆ ಸೇರಿದರೆ, ಕಣ್ಣು ಕಾಣದ ಯೋಶಿನೊ ಅಜ್ಜಿ ಒಂದು ಚೂರು ಕಚ್ಚಿ "ಇದು ಸೇತುವೆ ಮನೆಯವಳದು" ಎಂದುಬಿಡುತ್ತಿದ್ದಳು. ತಪ್ಪಿದ್ದನ್ನು ನಾನು ಕಂಡಿಲ್ಲ.

ಹಿಸಾಕ್ಕನದು ಉಪ್ಪಿನ ಕೈ. ಜಿನ್ಸಾಕು ಪ್ರತಿ ಸಲ ಕಚ್ಚಿದೊಡನೆ ಮುಖ ಹಿಂಡುತ್ತಿದ್ದರು.

"ಉಪ್ಪು ಜಾಸ್ತಿ."

"ಹಾಗಾದ್ರೆ ಬಿಡಿ, ಯಾರು ತಿನ್ನಿ ಅಂದ್ರು?"

"ಉಪ್ಪು ಜಾಸ್ತಿ ಅಂದೆ. ಸಾಕು ಅಂದೆನಾ?" ಎಂದು ಇನ್ನೊಂದಕ್ಕೆ ಕೈ ಹಾಕುತ್ತಿದ್ದರು.

ಭತ್ತದ ಕೊಯ್ಲು ಮುಗಿದು ಮೂಲಂಗಿ ಹೊಗೆಗೆ ಏರಿದರೆ ನಮ್ಮೂರ ಗಂಡಸರು ಟೋಕಿಯೋಗೆ ಹೋಗುತ್ತಿದ್ದರು. ನೆಲದಡಿಯ ರೈಲಿಗೆ ಸುರಂಗ ತೋಡುವ ಕೆಲಸ. ಸಸಿಮಡಿ ಮಾಡುವ ಹೊತ್ತಿಗೆ ವಾಪಸು. ನನ್ನ ಗಂಡ ತೊಕುಜಿ ಮತ್ತು ಜಿನ್ಸಾಕು ಒಟ್ಟಿಗೇ ಹೋಗಿ ಒಟ್ಟಿಗೇ ಬರುತ್ತಿದ್ದವರು. ಒಂದು ವಸಂತದಲ್ಲಿ ನನ್ನ ಗಂಡ ಒಬ್ಬರೇ ಬಂದರು. ಚಳಿಗಾಲದ ನಡುವೆ ಒಂದು ಬೆಳಿಗ್ಗೆ ಜಿನ್ಸಾಕು ಚೀಲ ಎತ್ತಿಕೊಂಡು ಬಿಡಾರ ಬಿಟ್ಟು ಹೋದರಂತೆ. ಯಾರಿಗೂ ಒಂದು ಮಾತು ಹೇಳಲಿಲ್ಲವಂತೆ. ಎಷ್ಟು ಹುಡುಕಿಸಿದರೂ ಸಿಗಲಿಲ್ಲ.

ಹಿಸಾಕ್ಕ ನಮ್ಮೆದುರು ಅಳಲಿಲ್ಲ. ಮುಂದಿನ ಚಳಿಗಾಲ, ಹೊಸ ವರ್ಷಕ್ಕೆ ಮನೆಗೆ ಬಂದಿದ್ದ ಗಂಡಸರು ಮತ್ತೆ ಹೊರಡುವಾಗ, ಮನೆಮನೆಗೂ ಬಂದು ಒಂದೊಂದು ಗಕ್ಕೊ ಕಟ್ಟಿಕೊಟ್ಟಳು.

"ಊಟಕ್ಕೆ ಕೂತಲ್ಲೆಲ್ಲ ಇದನ್ನ ನಡುವೆ ಇಡಿ. ಪಕ್ಕದಲ್ಲಿ ಕೂತವರಿಗೂ ಕೊಡಿ. ಕಚ್ಚಿದ ಮೇಲೆ ಮುಖ ನೋಡಿ. ಅವರಾದ್ರೆ ಗೊತ್ತಾಗುತ್ತೆ."

"ಟೋಕಿಯೋದಲ್ಲಿ ಎಷ್ಟು ಜನ ಇದಾರೆ ಗೊತ್ತಾ ಹಿಸಾಕ್ಕ? ನಿನ್ನ ಮೂಲಂಗಿ ಸಾಲಲ್ಲ," ಎಂದರು ನನ್ನ ಗಂಡ.

"ಹಾಗಾದ್ರೆ ತೆಳ್ಳಗೆ ಹೆಚ್ಚಿ."

ಹೀಗೆ ವರ್ಷಗಳು ಹೋದವು. ಒಂದು ವಸಂತ ನನ್ನ ಗಂಡ ಬಂದವರು ನಮ್ಮ ಮನೆಗೆ ಕಾಲಿಡದೆ ನೇರ ಹಿಸಾಕ್ಕನ ಮನೆಗೆ ಹೋದರು. ನಾನೂ ಹಿಂದೆಯೇ ಓಡಿದೆ.

"ಸಿಕ್ಕಿದ್ರು," ಎಂದರು. "ಟೋಕಿಯೋದ ಉಎನೋದಲ್ಲಿ, ಒಂದು ಸಣ್ಣ ಊಟದ ಅಂಗಡೀಲಿ. ತೊಡೆ ಮೇಲೆ ಒಂದು ಮಗು ಇತ್ತು. ಪಕ್ಕದಲ್ಲಿ ಒಬ್ಬ ಹೆಂಗಸು. ನಾನು ಮುಖ ಮರೆಸ್ಕೊಂಡು ತಟ್ಟೆ ಮುಂದಕ್ಕೆ ತಳ್ಳಿದೆ."

"ತಿಂದ್ರಾ?"

"ತಿಂದ್ರು. ತುಂಬಾ ಹೊತ್ತು ಅಗೀತಾ ಇದ್ರು. ಆಮೇಲೆ, ಉಪ್ಪು ಜಾಸ್ತಿ, ಅಂದ್ರು."

ಹಿಸಾಕ್ಕ ಕಿಮೋನೊದ ತೋಳನ್ನು ಬಾಯಿಗೆ ಅಡ್ಡ ಹಿಡಿದಳು.

"ನಾನು ತಡೀಲಾರದೆ ಜಿನ್ಸಾಕು ಅಂತ ಕೂಗಿದೆ. ನೀವು ಯಾರನ್ನೋ ನೋಡಿ ಯಾರೋ ಅಂದ್ಕೊಂಡಿದೀರಿ ಅಂದ್ರು. ಮಗೂನ ಎತ್ಕೊಂಡು ಹೊರಟೇಹೋದ್ರು. ಹಿಸಾಕ್ಕ, ಅವರು ಇನ್ನು..."

"ಉಗುಳಿದ್ರಾ?"

"ಏನು?"

"ಬಾಯಲ್ಲಿದ್ದದ್ದನ್ನ. ಉಗುಳಿದ್ರಾ, ನುಂಗಿದ್ರಾ?"

"ನುಂಗಿದ್ರು."

"ಹಾಗಾದ್ರೆ ಬರ್ತಾರೆ," ಎಂದು ಚಹಾಕ್ಕೆ ನೀರಿಡಲು ಎದ್ದಳು. ಮಗುವಿನ ವಿಷಯ ಕೇಳಲಿಲ್ಲ, ಆ ಹೆಂಗಸಿನದೂ ಕೇಳಲಿಲ್ಲ.

ಆ ವರ್ಷದ ಪೀಪಾಯಿಗೆ ಹಿಸಾಕ್ಕ ಅರ್ಧ ಉಪ್ಪು ಹಾಕಿದಳು. ನಾನು ಪಕ್ಕದಲ್ಲೇ ತೌಡು ಕಲಸುತ್ತಿದ್ದೆ, ಕಣ್ಣಾರೆ ಕಂಡೆ. ಹೊಸ ವರ್ಷದ ಹೊತ್ತಿಗೆ ರುಚಿಯಾಗಿಯೇ ಇತ್ತು. ಹಿಮ ಕರಗಲು ಶುರುವಾದೊಡನೆ ಹುಳಿ ತಿರುಗಿ ನೊರೆ ಬಂತು. ಟೋಕಿಯೋಗೆ ಒಯ್ದದ್ದು ಬಿಡಾರದ ಒಲೆಯ ಕಾವಿಗೆ ಇನ್ನೂ ಬೇಗ ಕೆಟ್ಟಿತು. ಯಾರ ತಟ್ಟೆಗೂ ಇಡುವ ಹಾಗಿರಲಿಲ್ಲ, ಗಂಡಸರು ಎಸೆದು ಬಂದರು. ಎರಡನೆಯ ವರ್ಷವೂ ಹಾಗೇ ಆದಾಗ, ಬೇಡ ಹಿಸಾಕ್ಕ ಎಂದು ಕೈಮುಗಿದರು. ಜಿನ್ಸಾಕುವನ್ನು ಹುಡುಕಲು ಅವಳಿಗಿದ್ದ ಅದೊಂದು ದಾರಿಯೂ ಮುಚ್ಚಿತು.

ಚಹಾಕ್ಕೆ ಸೇರಿದಾಗ ಯೋಶಿನೊ ಅಜ್ಜಿ ಹಿಸಾಕ್ಕನ ಗಕ್ಕೊ ಒಂದು ಚೂರು ಕಚ್ಚಿದಳು. ಯಾರ ಮನೆಯದೆಂದು ಹೇಳಲಿಲ್ಲ. ಉಳಿದರ್ಧ ತಟ್ಟೆಯಲ್ಲೇ ಇತ್ತು.

ಮನೆಗೆ ಮರಳುವ ದಾರಿಯಲ್ಲಿ ನಾನೆಂದೆ, "ಹಿಸಾಕ್ಕ, ಉಪ್ಪು ಮೊದಲಿನಷ್ಟೇ ಹಾಕು. ಅವರು ಬರೋ ಹೊತ್ತಿಗೆ ಕೆಟ್ಟುಹೋಗಿರುತ್ತೆ."

"ಅದಕ್ಕೇ ಬೇಗ ಬರಲಿ ಮಿತ್ಸು," ಎಂದಳು.

ಕೆಟ್ಟದ್ದನ್ನು ಗದ್ದೆಗೆ ಸುರಿಯುವುದು, ಶರತ್ಕಾಲದಲ್ಲಿ ಮತ್ತೆ ಅರ್ಧ ಉಪ್ಪಿನಲ್ಲಿ ಪೀಪಾಯಿ ತುಂಬುವುದು. ಅವಳು ಮುದುಕಿಯಾದಳು, ನಾನೂ ಆದೆ. ನನ್ನ ಗಂಡ ತೀರಿಕೊಂಡರು. ನಾನು ತೀರಿಕೊಂಡವರಿಗೆಂದು ಇಡುವ ಹೆಸರಿನ ಹಲಗೆಯ ಮುಂದೆ ಊದುಬತ್ತಿ ಹಚ್ಚುವಾಗ ಹಿಸಾಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಜಿನ್ಸಾಕು ಹೆಸರಲ್ಲೂ ಒಂದು ಹಲಗೆ ಇಡಿಸು ಎಂದು ಯಾರೋ ಹೇಳಿದ್ದಕ್ಕೆ, "ಇರೋರಿಗೆ ಊದುಬತ್ತಿ ಹಚ್ತಾರಾ? ನಿಮ್ಮನೇಲಿ ಹಚ್ಕೊಳ್ಳಿ," ಎಂದು ಬೈದು ಕಳಿಸಿದಳು.

ಕೊನೆಯ ವರ್ಷ ಅವಳಿಗೆ ಏಣಿ ಹತ್ತಲಾಗಲಿಲ್ಲ. ಕೆಳಗೆ ಕೂತು ಹೊಗೆ ನೋಡಿಕೊಂಡಳು, ನಾನು ಹತ್ತಿದೆ. ಪೀಪಾಯಿ ತುಂಬುವ ದಿನ ಅವಳಿಗೆ ಜ್ವರ. ನಾನೊಬ್ಬಳೇ ತುಂಬಿದೆ. ಉಪ್ಪು ಅಳೆಯುವಾಗ ನನ್ನ ಕೈ ತಾನಾಗಿ ಅವಳ ಹಳೆಯ, ಪೂರ್ತಿ ಉಪ್ಪಿನ ಅಳತೆಗೇ ಹೋಯಿತು.

ಫೆಬ್ರವರಿಯಲ್ಲಿ ಅವಳು ಅನ್ನ ಬಿಟ್ಟಳು. ಗಂಜಿಯನ್ನೂ ಬೇಡವೆಂದಳು. ಪೀಪಾಯಿಯಿಂದ ಒಂದು ಗಕ್ಕೊ ತೆಗೆದು, ಕಾಗದದಷ್ಟು ತೆಳ್ಳಗೆ ಹೆಚ್ಚಿ, ಅವಳ ನಾಲಿಗೆಯ ಮೇಲಿಟ್ಟೆ. ಅಗಿಯಲು ಹಲ್ಲಿರಲಿಲ್ಲ. ಚೀಪುತ್ತಾ ಮಲಗಿದ್ದಳು. ಅಷ್ಟರಲ್ಲಿ ಹೊರಗೆ ಯಾರೋ ಜಗಲಿಗೆ ಬೂಟು ಬಡಿದು ಹಿಮ ಕೊಡವಿದರು. ಸೂರಿನ ಹಿಮ ಇಳಿಸಲು ಬಂದ ಮೇಲಿನ ಮನೆಯವನು.

ಹಿಸಾಕ್ಕನ ಕಣ್ಣುಗಳು ಪೂರ್ತಿ ತೆರೆದವು. ನನ್ನ ತೋಳು ಹಿಡಿದಳು. ಆ ಹಿಡಿತ ಏಣಿಯ ಮೇಲೆ ಹಗ್ಗ ಎಳೆಯುತ್ತಿದ್ದ ದಿನದ್ದೇ.

"ಮಿತ್ಸು, ಅವರಿಗೆ ಕೊಟ್ಯಾ? ಉಪ್ಪು ಜಾಸ್ತಿ ಅಂದ್ರಾ?"