ಈಜು ಮೇಷ್ಟ್ರು ಕುಡಿಯದ ನೀರು

ಮಗಳು ಕುಡಿದ ಆ ಒಂದು ಗುಟುಕು ನೀರು ಅವಳ ಹೊಟ್ಟೆಯೊಳಗೆ ಏನು ಮಾಡುತ್ತಿರಬಹುದು ಎಂಬ ಯೋಚನೆ ಬೆಳಿಗ್ಗೆಯಿಂದ ನನ್ನನ್ನು ಬಿಟ್ಟಿಲ್ಲ. ಹಣೆ ಎಷ್ಟು ಸಲ ಮುಟ್ಟಿ ನೋಡಿದೆನೋ. ಜ್ವರವಿಲ್ಲ, ಸದ್ಯಕ್ಕೆ. ನಾಳೆ ಏಳು ಗಂಟೆಗೆ ಮತ್ತೆ ಈಜು.

ಈಜು ಕಲಿಸುವವರು ಪುಟ್ಟಯ್ಯ. ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಬೇಸಿಗೆ ರಜೆ ಬಂತೆಂದರೆ ನಮ್ಮ ಬಡಾವಣೆ ಜನ್ನಾಪುರದ ಮಕ್ಕಳ ಬೆನ್ನಿಗೆ ಖಾಲಿ ಎಣ್ಣೆ ಕ್ಯಾನು ಕಟ್ಟಿ ಭದ್ರಾ ಹೊಳೆಗೆ ಇಳಿಸುತ್ತಾರೆ. ನನ್ನ ಗಂಡ ವೀರೇಂದ್ರ ಹತ್ತು ವರ್ಷದವನಿದ್ದಾಗ ಹೊಳೆಯ ಸುಳಿಗೆ ಸಿಕ್ಕಿದ್ದ, ಎಳೆದು ತಂದವರು ಇವರೇ. ಹಾಗಾಗಿ ನಮ್ಮ ಮನೆಯಲ್ಲಿ ಅವರಿಗೆ ಎದುರಾಡುವಂತಿಲ್ಲ. ಅವರದೊಂದು ನಿಯಮ: ನೀರಿಗಿಳಿಯುವ ಮುಂಚೆ ಮೊದಲು ಅವರು, ಆಮೇಲೆ ಮಕ್ಕಳು, ಬೊಗಸೆಯಲ್ಲಿ ಎತ್ತಿ ಒಂದು ಗುಟುಕು ಕುಡಿಯಬೇಕು. ಹೊಳೆಯ ಋಣ ಹೊಟ್ಟೆಯಲ್ಲಿದ್ದವರನ್ನು ಹೊಳೆ ಮುಳುಗಿಸುವುದಿಲ್ಲವಂತೆ.

ಎರಡು ದಿನ ಮಳೆ ಹೊಯ್ದು ಊರಿನ ಚರಂಡಿಗಳೆಲ್ಲ ಉಕ್ಕಿ ಹೊಳೆಗೆ ಬಿದ್ದಿದ್ದವು. ಇವತ್ತು ದಡದಲ್ಲಿ ನಿಂತರೆ ಕಕ್ಕಸಿನ ವಾಸನೆ. ಕೋಳಿ ಪುಕ್ಕ, ಹಳದಿ ನೊರೆ. ಉಬ್ಬಿದ ಡೈಪರೊಂದು ಮೆಟ್ಟಿಲಿಗೆ ತಾಗಿ ತಾಗಿ ಹಿಂದೆ ಸರಿಯುತ್ತಿತ್ತು. ಇವತ್ತು ಇದನ್ನು ಕುಡಿಸಬೇಡಿ ಎಂದೆ.

"ಹರಿಯೋ ನೀರಿಗೆ ಎಂಥ ಕೊಳೆ ತಾಯಿ? ನೀವು ಶಿವಮೊಗ್ಗದೋರು, ಬಾಟ್ಲಿ ನೀರಲ್ಲೇ ಹುಟ್ಟಿದೋರು" ಎಂದು ಪುಟ್ಟಯ್ಯ ನಕ್ಕರು. ಉಳಿದ ತಾಯಂದಿರೂ ನಕ್ಕರು. ಮಗಳು ಸೌಂದರ್ಯ ಕುಡಿದಳು. ನಾನು ನೋಡುತ್ತಾ ನಿಂತಿದ್ದೆ. ನನ್ನ ಮೇಲೇ ಹೇಸಿಗೆಯಾಯಿತು. ತಲೆನೋವೆಂದು ಸುಳ್ಳು ಹೇಳಿ ಅವಳನ್ನು ಎಳೆದುಕೊಂಡು ಬಂದೆ.

ಆದರೆ ಇನ್ನೊಂದನ್ನೂ ನೋಡಿದ್ದೆ. ಪುಟ್ಟಯ್ಯ ಬೊಗಸೆಯನ್ನು ತುಟಿಗೆ ತಂದರು, ಗಂಟಲು ಅಲುಗಲಿಲ್ಲ. ನೀರು ಮೊಣಕೈಯಿಂದ ಇಳಿದು ಹೋಯಿತು.

ಮನೆಗೆ ಬಂದು ಹೇಳಿದರೆ, ನಮ್ಮ ಮಗುವನ್ನು ಕಳಿಸದಿದ್ದರಾಯಿತು, ಮೇಷ್ಟ್ರ ಮನಸ್ಸು ಯಾಕೆ ನೋಯಿಸುತ್ತೀಯ ಎಂದ ವೀರೇಂದ್ರ. ಉಳಿದ ಹನ್ನೊಂದು ಮಕ್ಕಳು? ಸಂಜೆ ಫೋನ್ ಎತ್ತಿಕೊಂಡೆ.

"ಮೇಷ್ಟ್ರೇ, ಇವತ್ತು ನೀವು ಕುಡೀಲಿಲ್ಲ. ನಾನು ನೋಡಿದೆ."

ನಾನೇ ಮುಂದುವರಿಸಿದೆ.

"ಮಳೆ ನಿಂತು ಮೂರು ದಿನ ಆಗೋವರೆಗೂ ಯಾರ ಮಗೂನೂ ಇಳಿಸಬೇಡಿ."

"ವಾಸನೆ ಮೂಗಿಗೆ ಬಡೀತು ತಾಯಿ, ನೀರು ಒಳಗೆ ಇಳೀಲಿಲ್ಲ" ಎಂದರು. "ನಾಳೆ ಬೇಡ ಅಂತ ಎಲ್ಲರಿಗೂ ನೀವೇ ಹೇಳ್ಬಿಡಿ. ಹೊಳೆ ಹೊಲಸಾಗಿದೆ ಅನ್ನೋಕೆ ನನಗೆ ಬಾಯಿ ಬರಲ್ಲ."