ಸ್ಕ್ರೂ ಹಾಕಿದ ಮೆಮೊರಿ

ಆಸ್ಪತ್ರೆಯಲ್ಲಿ ಅವನ ನಿಜವಾದ ಹೆಸರು ಸಂಬಳ ಕೊಡುವವರಿಗೆ ಬಿಟ್ಟರೆ ಇನ್ಯಾರಿಗೂ ಬೇಕಾಗಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಸ್ಕ್ರೂ. ಕಂಪ್ಯೂಟರ್ ಬಿಚ್ಚಿ ಜೋಡಿಸುವ ಕೆಲಸ. ಬಿಚ್ಚಿದ ಸ್ಕ್ರೂಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುವ ಚಾಳಿ ಬೇರೆ. ಹೆಂಡತಿ ಅದೇ ಆಸ್ಪತ್ರೆಯಲ್ಲಿ ನೆಲ ಒರೆಸುತ್ತಿದ್ದಳು. ಹಾಗಾಗಿ ಅವಳ ಜೊತೆಯ ಹೆಂಗಸರಿಗೆಲ್ಲ ಇವನು ಭಾವ, ಬಾಯಿಗೆ ಬಂದದ್ದು ಅನ್ನಿಸಿಕೊಳ್ಳಲು ಸಿಕ್ಕ ಭಾವ.

ಮೆಟ್ಟಿಲ ಕೆಳಗೆ ಕಿಟಕಿಯಿಲ್ಲದ ಕೋಣೆಯೊಂದರಲ್ಲಿ ಸರ್ವರ್ ಇತ್ತು. ರೋಗಿಗಳ ಚೀಟಿ, ರಕ್ತಪರೀಕ್ಷೆಯ ವರದಿ, ಕೆಲಸದವರ ಹಾಜರಿ, ಎಲ್ಲವೂ ಅದರ ತಲೆಯ ಮೇಲೆ. ಬೆಳಿಗ್ಗೆ ಪಾಳಿ ಬದಲಾಗುವಾಗ ಬಾಗಿಲ ಪಕ್ಕದ ಹಾಜರಿಯ ಬೆರಳು ಯಂತ್ರದ ಮುಂದೆ ಹೆಂಗಸರು ಸಾಲುಗಟ್ಟಿದರೆ ಸರ್ವರ್‌ಗೆ ಉಸಿರು ಕಟ್ಟುತ್ತಿತ್ತು. ಬೆರಳಿಟ್ಟರೆ ‘ಕಾಯಿರಿ’ ಎನ್ನುತ್ತಿತ್ತು, ಕಾದರೆ ‘ಸಮಯ ಮೀರಿತು’ ಎನ್ನುತ್ತಿತ್ತು. ಕೊನೆಗೆ ಕಾವಲುಗಾರ ಬೈದುಕೊಳ್ಳುತ್ತಾ ಸಹಿ ಪುಸ್ತಕ ಹೊರಗೆ ತೆಗೆಯುತ್ತಿದ್ದ.

‘ಭಾವ, ನಿಮ್ಮ ಡಬ್ಬಕ್ಕೆ ಮರೆವಿನ ಕಾಯಿಲೆ ಬಂದಿದೆ. ಹೇಗೂ ಆಸ್ಪತ್ರೇಲೇ ಇದೆ, ಒಂದು ಮಂಚ ಕೊಡಿಸಿ ಮಲಗ್ಸಿ’ ಎಂದು ಅವರೊಳಗಿನ ಬಾಯಾಳಿ ಚುಚ್ಚುತ್ತಿದ್ದಳು.

ಮೆಮೊರಿ ಸಾಲದು, ಹೊಸದು ತರಿಸಿ ಎಂದು ಸ್ಕ್ರೂ ಆಡಳಿತಾಧಿಕಾರಿಯ ಬಾಗಿಲು ತಟ್ಟಿ ತಟ್ಟಿ ಸುಸ್ತಾಗಿದ್ದ. ಅಧಿಕಾರಿಯ ಕೋಣೆಗೆ ಹೊಸ ಸೋಫಾ ಬಂತು, ಪರದೆ ಬಂತು, ಅವು ಹಳತಾಗುವ ಹೊತ್ತಿಗೆ ಮೆಮೊರಿಯೂ ಬಂತು.

ಮಧ್ಯಾಹ್ನ ಚೀಟಿ ಕೌಂಟರ್ ಮುಚ್ಚಿದಾಗ ಸ್ಕ್ರೂ ಸರ್ವರ್ ಆರಿಸಿ ಮುಚ್ಚಳ ತೆಗೆದ. ಹಳೆಯ ಮೆಮೊರಿ ಪಟ್ಟಿಗಳ ಹೊಂಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ, ಪುಡಿಯನ್ನು ಕುಂಚದಿಂದ ಗುಡಿಸಿದ. ಹೊಸ ಪಟ್ಟಿಗಳನ್ನು ಖಾಲಿ ಸೀಳುಗಳಲ್ಲಿಟ್ಟು ಎರಡೂ ಹೆಬ್ಬೆರಳಿನಿಂದ ಒತ್ತಿದಾಗ ತುದಿಯ ಕ್ಲಿಪ್ಪುಗಳು ಟಕ್ಕೆಂದು ಕೂತವು. ಮತ್ತೆ ಹಚ್ಚಿದರೆ ಪರದೆಯ ಮೇಲೆ ಮೆಮೊರಿ ಮೊದಲಿನ ದುಪ್ಪಟ್ಟು ತೋರಿಸಿತು. ಎಲ್ಲ ಸರಿಯಿದೆ ಎಂದು ಅಧಿಕಾರಿಗೆ ಹೇಳಿ ಬಂದ.

ಮರುದಿನ ಬೆಳಿಗ್ಗೆ ಬೆರಳಿಡುವುದೇ ತಡ, ಯಂತ್ರ ಹಸಿರು ದೀಪ ಹಚ್ಚತೊಡಗಿತು. ಚೀಟಿ ಕೌಂಟರಿನಲ್ಲೂ ಬಂದವರು ಬಂದ ಹಾಗೇ ಒಳಗೆ ಹೋಗುತ್ತಿದ್ದರು. ಕಾವಲುಗಾರ ಸಹಿ ಪುಸ್ತಕವನ್ನು ಬೀರುವಿಗೆ ಸೇರಿಸಿ ಬೀಗ ಜಡಿದ. ಆಮೇಲೆ ಸ್ಕ್ರೂವಿನ ಹೆಂಡತಿಯ ಸರದಿ ಬಂತು.

‘ಗುರುತು ಸಿಗಲಿಲ್ಲ.’

ಇನ್ನೊಂದು ಬೆರಳಿಟ್ಟಳು. ಸೆರಗಿಗೆ ಒರೆಸಿ ಮತ್ತೊಂದಿಟ್ಟಳು. ಅದೇ ಉತ್ತರ. ಅವಳಷ್ಟೇ ಹಳಬರಾದ ಇನ್ನೂ ಕೆಲವರಿಗೂ ಅದೇ ಗತಿಯಾಯಿತು. ಕಕ್ಕಸಿಗೆ ಹಾಕುವ ಆ್ಯಸಿಡ್, ನೆಲಕ್ಕೆ ಹಾಕುವ ಫಿನಾಯಿಲ್ ಅವರ ಬೆರಳಿನ ಗೆರೆಗಳನ್ನು ಯಾವತ್ತೋ ತಿಂದು ಹಾಕಿದ್ದವು. ಯಂತ್ರ ಎಲ್ಲರಿಗೂ ಕೈಕೊಡುತ್ತಿದ್ದಾಗ ಇವರದು ಆ ಗುಂಪಿನಲ್ಲಿ ಮುಚ್ಚಿಹೋಗಿತ್ತು. ದಿನಾ ಆ ಕೈಯಿಂದಲೇ ಊಟ ಬಡಿಸಿಕೊಂಡಿದ್ದ ಸ್ಕ್ರೂವಿಗೂ ಇದು ತಲೆಗೆ ಹೊಳೆದಿರಲಿಲ್ಲ.

ಅವನು ಅಧಿಕಾರಿಯ ಮುಂದೆ ನಿಂತು, ಇವರಿಗಾದರೂ ಸಹಿ ಪುಸ್ತಕ ಕೊಡಿ ಎಂದು ಕೇಳಿದ. ಯಂತ್ರ ಸರಿಯಿದೆ ಎಂದು ನಿನ್ನೆ ನೀನೇ ಬಂದು ಹೇಳಿದೆಯಲ್ಲ ಎಂದರು ಅಧಿಕಾರಿ. ಇವತ್ತೊಂದು ದಿನ ಬಿಡುತ್ತೇನೆ, ನಾಳೆಯೂ ಬೆರಳು ಮೂಡದಿದ್ದವರ ಜಾಗಕ್ಕೆ ಗುತ್ತಿಗೆದಾರ ಬೇರೆಯವರನ್ನು ಕಳಿಸುತ್ತಾನೆ ಎಂದು ಫೋನ್ ಕೈಗೆತ್ತಿಕೊಂಡರು.

ಮನೆಯಲ್ಲಿ ಹೆಂಡತಿ ಬೆರಳಿಗೆ ಎಣ್ಣೆ ತಿಕ್ಕುತ್ತಾ ಕೂತಿದ್ದಳು. ಅವನು ಚಪ್ಪಲಿ ಬಿಡುವ ಮೊದಲೇ, ‘ಹಾಕಿದ್ದನ್ನ ತೆಗೀರಿ’ ಎಂದಳು. ಅವನಿಗೆ ಮೈ ಉರಿಯಿತು. ಸರಿಹೋದದ್ದನ್ನು ಕೈಯಾರೆ ಕೆಡಿಸುವುದೆಂದರೆ ಅವನ ಕಸುಬಿಗೇ ಉಗಿದ ಹಾಗೆ. ಆದರೂ ಮರುದಿನ ಪಾಳಿಗೆ ಮೊದಲೇ ಹೋಗಿ, ಕ್ಲಿಪ್ಪು ಸಡಿಲಿಸಿ, ಹೊಸ ಪಟ್ಟಿಗಳನ್ನು ಕಿತ್ತು ಜೇಬಿಗಿಳಿಸಿದ.

ಯಂತ್ರ ಮತ್ತೆ ‘ಕಾಯಿರಿ’ ಎಂದಿತು. ಪುಸ್ತಕ ಹೊರಬಂತು, ಅವಳ ಸಹಿ ಬಿತ್ತು. ಅಧಿಕಾರಿ ಎಲ್ಲರೆದುರು ಅವನನ್ನು ಕೈಲಾಗದವನು ಎಂದು ಜಾಡಿಸಿದರು. ನಿಮಗೆ ತಲೆಯೊಳಗಿನ ಸ್ಕ್ರೂನೇ ಸಡಿಲ ಎಂದು ಬಾಯಾಳಿ ನಕ್ಕಳು. ಅವನು ಎಲ್ಲವನ್ನೂ ನುಂಗಿಕೊಂಡ.

ಚೀಟಿಯ ಸಾಲನ್ನು ನುಂಗಿಕೊಳ್ಳುವುದು ಮಾತ್ರ ಆಗಲಿಲ್ಲ. ಅದು ಕೌಂಟರಿನಿಂದ ಹೊರಟು, ಮೆಟ್ಟಿಲಿಳಿದು, ಗೇಟು ಮುಟ್ಟಿತ್ತು. ನಿಲ್ಲಲಾಗದವರು ನೆಲದ ಮೇಲೆ ಕೂತಿದ್ದರು. ಜ್ವರದ ಮಗುವನ್ನು ಮಡಿಲಲ್ಲಿ ಹಾಕಿಕೊಂಡಿದ್ದ ಹೆಂಗಸೊಬ್ಬಳು ತನ್ನ ಕಾಲನ್ನು ಎತ್ತಲೂ ಶಕ್ತಿಯಿಲ್ಲದೆ, ಸುತ್ತ ಒರೆಸಿಕೊಂಡು ಹೋಗವ್ವಾ ಎಂದು ಸ್ಕ್ರೂವಿನ ಹೆಂಡತಿಗೆ ಹೇಳಿದಳು. ಇವಳು ಬಕೆಟ್ ಅಲ್ಲೇ ಬಿಟ್ಟು ಮೆಟ್ಟಿಲ ಕೆಳಗಿನ ಕೋಣೆಗೆ ಬಂದಳು.

‘ಹೊರಗೆ ನೋಡಿದ್ರಾ?’

‘ನೋಡ್ದೆ.’

‘ವಾಪಸ್ ಹಾಕಿ.’

‘ಹಾಕಿದ್ರೆ ನಾಳೆಯಿಂದ ನಿಂಗೆ ಕೆಲ್ಸ ಇರಲ್ಲ ಕಣೇ.’

‘ನಾಳೆ ಹೋಗಿ, ಪುಸ್ತಕ ಕೊಡೋವರೆಗೂ ಆ ಯಂತ್ರದ ಮುಂದೆ ಕೂತ್ಕೋತೀನಿ. ಜೊತೆಗೆ ಯಾರು ಬರ್ತಾರೋ ಬರ್ಲಿ.’

ಅವನು ಹಾಕಿದ. ಮಧ್ಯಾಹ್ನದೊಳಗೆ ಸಾಲು ಕರಗಿತು.

ಮರುದಿನ ಬೆಳಿಗ್ಗೆ ಅವಳು ಯಂತ್ರದ ಕೆಳಗೆ ಗೋಡೆಗೊರಗಿ ಕೂತಳು. ಬೆರಳು ಸವೆದವರೆಲ್ಲ ಬರುತ್ತೇವೆ ಎಂದಿದ್ದರು, ಬಂದದ್ದು ಇಬ್ಬರು. ಬಾರದವರಲ್ಲಿ ಒಬ್ಬಳು ತನ್ನ ಬದಲಿಗೆ ಸೊಸೆಯನ್ನೇ ಕೆಲಸಕ್ಕೆ ಕಳಿಸಿದ್ದಳು. ಗೆರೆ ನೆಟ್ಟಗಿದ್ದವರು ಕೂತವರ ತಲೆಯ ಮೇಲಿಂದ ಕೈ ಚಾಚಿ ಬೆರಳೊತ್ತಿ ಒಳಗೆ ಹೋದರು. ಬಾಯಾಳಿಯೂ ಒತ್ತಿದಳು. ಕೂತವರ ಕಡೆ ನೋಡದೆ ಒಳಗೆ ನಡೆದಳು.

ಸ್ಕ್ರೂವಿನ ಸರದಿ ಬಂತು. ಅವನ ಬೆರಳು ಇಟ್ಟ ತಕ್ಷಣ ಮೂಡುವಂಥದ್ದು. ಹಿಂದಿನವರು ಬೇಗ ಬೇಗ ಎಂದು ತಳ್ಳುತ್ತಿದ್ದರು. ಅವನು ಸಾಲಿನಿಂದ ಪಕ್ಕಕ್ಕೆ ಸರಿದು, ಚೀಲ ಕೆಳಗಿಟ್ಟು, ಹೆಂಡತಿಯ ಪಕ್ಕ ಕುಕ್ಕರಗಾಲಲ್ಲಿ ಕೂತ.

‘ಪೂರ್ತಿ ಕೂತ್ಕೊಳ್ಳಿ,’ ಎಂದಳು ಅವಳು. ‘ನೆಲ ನಿನ್ನೆ ನಾನೇ ಒರೆಸಿದ್ದು.’

ಗೇಟಿನಲ್ಲಿ ಅಧಿಕಾರಿಯ ಕಾರಿನ ಹಾರನ್ ಕೇಳಿಸಿತು. ಬಂದಿದ್ದ ಇಬ್ಬರಲ್ಲಿ ಒಬ್ಬಳು ಅಳುಕಿ ಎದ್ದು ನಿಂತಳು, ಉಳಿದ ಮೂವರು ಕೂತೇ ಇದ್ದರು.